ಎರಡು ಅಳತೆ ದೊಡ್ಡ ಫ್ಯಾನು

ನಮ್ಮ ಭಾವನವರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾರ್ಖಾನೆಗಳಲ್ಲಿ ಕೆಟ್ಟ ಗಾಳಿ ಹೊರಗೆಳೆಯುವ ಫ್ಯಾನು ಕೂರಿಸುವುದು ಅವರ ಕಸುಬು. ಯಾರ ಮನೆಗೆ ಹೋದರೂ ಮೊದಲು ಕಿಟಕಿ ಎಣಿಸುತ್ತಾರೆ. ನನಗೆ ಮಗ ಹುಟ್ಟಿದಾಗ ಆಸ್ಪತ್ರೆಗೆ ಬಂದವರು ಮಗುವಿನ ಮುಖ ನೋಡುವ ಮೊದಲು ವಾರ್ಡಿನ ಉದ್ದಗಲ ಅಳೆದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಬೂಟಿನ ಕಾರ್ಖಾನೆಯಲ್ಲಿ ಸೋಲ್ ಅಂಟಿಸುತ್ತಾಳೆ. ಅಂಟಿನ ಘಾಟಿಗೆ ಮಧ್ಯಾಹ್ನದ ಹೊತ್ತಿಗೆ ಅವಳ ತಲೆ ಸಿಡಿಯುತ್ತಿತ್ತು. ಒಂದು ದಿನ ಬೆಂಚಿನ ಪಕ್ಕದಲ್ಲೇ ಕುಸಿದಳು. "ಆ ಗಾಳಿ ಸರಿ ಆಗ್ಬೇಕು, ಇಲ್ಲ ಕೆಲಸ ಬಿಡಿ" ಎಂದರು ಡಾಕ್ಟರು. ಅಕ್ಕ ಕೆಲಸ ಬಿಡಲು ಸುತರಾಂ ಒಪ್ಪಲಿಲ್ಲ. ಭಾವ ಮಾಲೀಕನ ಬೆನ್ನುಬಿದ್ದು ಫ್ಯಾನಿಗೆ ಒಪ್ಪಿಸಿದರು.

ಸೋಲ್ ಅಂಟಿಸುವ ಕೋಣೆ ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಗಲ, ಹನ್ನೆರಡು ಎತ್ತರ. ಒಟ್ಟು ಹನ್ನೆರಡು ಸಾವಿರ ಘನ ಅಡಿ ಗಾಳಿ. ಎರಡು ನಿಮಿಷಕ್ಕೊಮ್ಮೆ ಅದೆಲ್ಲ ಬದಲಾಗಬೇಕೆಂದರೆ ನಿಮಿಷಕ್ಕೆ ಆರು ಸಾವಿರ ಎಳೆಯುವ ಫ್ಯಾನು ಸಾಕು. ಅಲ್ಲಿ ಕೂತಿದ್ದವಳು ಬೇರೆ ಯಾರಾದರೂ ಆಗಿದ್ದರೆ ಭಾವ ಅದನ್ನೇ ತರುತ್ತಿದ್ದರು. ಸ್ವಂತ ಹೆಂಡತಿಯಲ್ಲವೇ, ಎರಡು ಅಳತೆ ದೊಡ್ಡದನ್ನು ಹೊತ್ತು ತಂದರು!

ವಾರ ಕಳೆದರೂ ಅಕ್ಕನ ತಲೆನೋವು ಇಳಿಯಲಿಲ್ಲ. ಭಾವ ಊಟದ ತಟ್ಟೆಯ ಮುಂದೆಯೂ ಲೆಕ್ಕ ಹಾಕುತ್ತಾ, ಎದ್ದು ಓಡಾಡುತ್ತಾ, ಸುಮ್ಮನಿದ್ದ ನನ್ನ ಮೇಲೆ ರೇಗುತ್ತಾ ನಮ್ಮೆಲ್ಲರ ಪ್ರಾಣ ತಿಂದರು. ಕೊನೆಗೆ ಹೇಳದೆ ಕೇಳದೆ ನನ್ನನ್ನೂ ಎಳೆದುಕೊಂಡು ಕಾರ್ಖಾನೆಗೆ ನುಗ್ಗಿದರು.

ಫ್ಯಾನು ನಿಂತಿತ್ತು.

"ಯಾರು ಆರ್ಸಿದ್ದು?"

"ನಾನೇ," ಎಂದಳು ಅಕ್ಕ.

"ನಿಂಗೇನು ತಲೆ ಕೆಟ್ಟಿದ್ಯಾ? ಯಾರಿಗೋಸ್ಕರ ಹಾಕ್ಸಿದ್ದು ಇದನ್ನ?"

"ಕೂಗಾಡ್ಬೇಡಿ. ಇಲ್ಲಿ ನೋಡಿ."

ಅಕ್ಕ ಫ್ಯಾನು ಹಾಕಿ ಬೂಟಿಗೆ ಅಂಟು ಸವರಿದಳು. ಸೋಲ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಂಟು ಒಣಗಿ ಕೆನೆಗಟ್ಟಿತ್ತು. ಒತ್ತಿ ಕೂರಿಸಿ, ಎರಡು ಬೆರಳಲ್ಲಿ ಎಳೆದಳು. ಪೂರ್ತಿ ಕಿತ್ತುಬಂತು.

"ಹೀಗೇ ಮಾಲೆಲ್ಲ ವಾಪಸ್ ಬರ್ತಿತ್ತು. ಅದಕ್ಕೇ ಎಲ್ಲ ಸೇರಿ ಆರಿಸ್ತಿದ್ವಿ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಇದನ್ನ ಹೊತ್ಕೊಂಡು ಬಂದ ದಿನ ನಿಮ್ಮ ಮುಖ ನೀವು ನೋಡ್ಕೊಂಡಿಲ್ಲ. ನಾನು ನೋಡಿದೀನಿ."

ಭಾವ ತಾವೇ ಹೋಗಿ ಫ್ಯಾನು ಆರಿಸಿದರು. "ನೀನು ಬಿದ್ದಿದ್ದು ನೋಡಿ ಹೆದರಿಬಿಟ್ಟಿದ್ದೆ ಕಣೇ," ಎಂದರು, ಎಲ್ಲರ ಎದುರಿಗೇ.

ಅವತ್ತು ಸಂಜೆಯವರೆಗೂ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಅವರು ಅಷ್ಟು ಹೊತ್ತು ಕೂತಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ನಡುವೆ ಬೆಂಚಿನ ಕೆಳಗೆ ಮೂಗು ತೂರಿಸಿದಾಗ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಘಾಟು ಮೇಲಕ್ಕಿಂತ ಅಲ್ಲೇ ಜಾಸ್ತಿ ತಂಗಿತ್ತು. ಭಾವ ಮಾಲೀಕನ ಬಳಿ "ತಪ್ಪು ನಂದೇ" ಎಂದು ಒಪ್ಪಿಕೊಂಡು ದೊಡ್ಡದನ್ನು ಇಳಿಸಿದರು. ಆರು ಸಾವಿರದ್ದನ್ನೇ ಗೋಡೆಯ ಕೆಳಭಾಗದಲ್ಲಿ ಕೂರಿಸಿ, ಹೊಸ ಗಾಳಿ ಒಳಬರಲು ಎದುರಿನ ಕಿಟಕಿಯ ಬಾಗಿಲನ್ನೇ ಕಳಚಿಟ್ಟರು. ಈ ಸಲ ಅಂಟು ಹದವಾಗಿ ಹಿಡಿಯಿತು.

ಅದನ್ನು ಕೂರಿಸಿದ ಮರುದಿನ ಸಂಜೆ ಅಕ್ಕ ಕೆಲಸದಿಂದ ಬರುವಾಗ ಭಾವ ಮನೆ ಬಾಗಿಲಲ್ಲೇ ಶತಪಥ ಹಾಕುತ್ತಿದ್ದರು.

"ತಲೆ ಹೇಗಿದೆ?"

"ಯಾವ ತಲೆ?" ಎಂದಳು ಅಕ್ಕ, ಚಪ್ಪಲಿ ಬಿಡುತ್ತಾ. ಆಮೇಲೆ ಹೊಳೆದು, ಹಣೆ ಮುಟ್ಟಿ ನೋಡಿಕೊಂಡಳು. "ಅಯ್ಯೋ, ನೋವೇ ಇಲ್ಲ ಕಣ್ರೀ! ಇಡೀ ದಿನ ಅದರ ನೆನಪೇ ಬರ್ಲಿಲ್ಲ."

ಭಾವ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು.