ಅಣ್ಣನ ಸಾಲಿನ ಕೊನೆ

ಅಣ್ಣನಿಗೆ ಒಂದು ಮಾತು ಮುಟ್ಟಿಸುವ ಕೆಲಸ ನನ್ನದಾಗಿತ್ತು. ಹೊತ್ತಿಗೆ ಮುಟ್ಟಿಸಲಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ, ಬರೆಯುವ ರೂಢಿಯಿಲ್ಲ. ಆದರೂ ಇದನ್ನು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ಅಣ್ಣ ಅಂದರೆ ಮೊದಲು ಕಣ್ಣಮುಂದೆ ಬರುವುದು ಅವನ ರೆಪ್ಪೆಗೂದಲು. ಎಷ್ಟು ತೊಳೆದರೂ ಅದರಲ್ಲಿ ಬಿಳಿ ಪುಡಿ ಉಳಿದೇ ಇರುತ್ತಿತ್ತು. ತೆಲುಗರ ರಾಜಧಾನಿಯಲ್ಲಿ, ಲಿಂಗಂಪಲ್ಲಿಯ ಆಚೆ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ವರ್ಷಗಳು ಅವು. ಕಂಪ್ಯೂಟರ್ ಕಂಪನಿಗಳ ನೆಲಕ್ಕೆ ಹಾಸುವ ಗ್ರಾನೈಟನ್ನು ಅಣ್ಣ ಮಷೀನಿನಲ್ಲಿ ಕೊಯ್ಯುತ್ತಿದ್ದ. ಕೊಯ್ದದ್ದನ್ನು ನಾನು ಹೊರುತ್ತಿದ್ದೆ. ಸಂಜೆ ಷೆಡ್ಡಿಗೆ ಬಂದವನು ಕನ್ನಡಿಯ ಚೂರಿನಲ್ಲಿ ಮುಖ ನೋಡಿಕೊಂಡು ನಗುತ್ತಿದ್ದ: "ನೋಡಪಾ, ಬಣ್ಣ ಹಚ್ಚೂ ತ್ರಾಸ ಉಳೀತು. ರಕ್ಕಸರಾಜ ತಯಾರ್!"

ರಕ್ಕಸರಾಜ ಅವನ ಪಾತ್ರ. ಯಾದಗಿರಿ ಕಡೆಯಿಂದ ದುಡಿಯಲು ಬಂದ ನಾವು ಹನ್ನೊಂದು ಜನ ಸೇರಿ ತಗಡಿನ ಷೆಡ್ಡುಗಳ ನಡುವೆ ಒಂದು ದೊಡ್ಡಾಟದ ಮೇಳ ಕಟ್ಟಿಕೊಂಡಿದ್ದೆವು. ಟೈಲ್ಸ್ ಬಂದ ಡಬ್ಬಿಯ ರಟ್ಟಿನಿಂದ ಕಿರೀಟ. ರವಿವಾರ ಮಧ್ಯಾಹ್ನ ತಾಲೀಮು. ಕಲಿಸುವ ಮಾಸ್ತರರು ವಾರದ ಉಳಿದ ದಿನ ಅಲ್ಲೇ ಒಂದು ಕಟ್ಟಡದ ವಾಚ್‌ಮನ್.

ದೊಡ್ಡಾಟದಲ್ಲಿ ಪಾತ್ರಧಾರಿ ಹಾಡಿನ ಸಾಲು ಎತ್ತುತ್ತಾನೆ. ಹಿಂದೆ ನಿಂತ ಮೇಳದವರು ಅದರ ಕೊನೆಯನ್ನು ಹಿಡಿದು ಎಳೆಯುತ್ತಾರೆ. ಆ ಹೊತ್ತಿನಲ್ಲಿ ಅವನು ಉಸಿರು ತಗೊಂಡು ಕುಣಿಯುತ್ತಾನೆ. ಅಣ್ಣನ ಹಿಂದೆ ನಿಲ್ಲುವವನು ನಾನು. ಅವನ ಉಸಿರು ಎಷ್ಟು ದೊಡ್ಡದಿತ್ತೆಂದರೆ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಕೊನೆಯ ಒಂದೇ ಶಬ್ದ.

ಮೊದಲು ಕೆಮ್ಮು ಬಂದದ್ದು ನಮ್ಮ ತಾಳದವನಿಗೆ. ಅವನೂ ಕಲ್ಲು ಕೊಯ್ಯುವವನೇ. ಎಂಟು ದಿನದಲ್ಲಿ ಬರುತ್ತೇನೆಂದು ತಾಳವನ್ನು ಷೆಡ್ಡಿನ ಮೊಳೆಗೆ ತೂಗುಹಾಕಿ ಊರಿಗೆ ಹೋದ. ಬರಲಿಲ್ಲ. ತಾಳದ ಮೇಲೂ ಬಿಳಿ ಪುಡಿ ಕೂತಿತು. ಯಾರೂ ಅದನ್ನು ಮುಟ್ಟಲಿಲ್ಲ, ಅವನ ಮಾತೂ ಎತ್ತಲಿಲ್ಲ.

ಆಮೇಲೆ ಒಂದು ರವಿವಾರ ಅಣ್ಣ ಸಾಲಿನ ಕೊನೆಯ ಎರಡು ಶಬ್ದ ಬಿಟ್ಟ. ನಾನು ಹಿಡಿದುಕೊಂಡೆ. ಮುಂದಿನ ವಾರ ನಾಲ್ಕು ಬಿಟ್ಟ. ಮಾಸ್ತರರು ತಲೆ ಎತ್ತಿ, "ಉಸಿರಿಲ್ಲದಾವಗ ನಾ ಕಿರೀಟ ಕೊಡಂಗಿಲ್ಲ ನೋಡ್ರಿ ಮತ್ತ," ಎಂದರು. ತಾಲೀಮು ಮುಗಿದ ಮೇಲೆ ಅಣ್ಣ ನನ್ನ ಭುಜ ಹಿಡಿದುಕೊಂಡ.

"ತಮ್ಮಾ, ಒಂಚೂರು ಮುಂಚೇನ ಎತ್ಕೋಪಾ. ಮಾಸ್ತರಗ ಗೊತ್ತಾಗಬಾರ್ದು."

ನಗರದ ಕನ್ನಡ ಸಂಘವೊಂದು ಮುಂದಿನ ತಿಂಗಳು ನಮಗೆ ಸಭಾಂಗಣ ಕೊಡುವುದಾಗಿ ಹೇಳಿತ್ತು. ತಲೆಮಾರುಗಳಿಂದ ಸರಕಾರಿ ನೌಕರಿಯಲ್ಲಿದ್ದ ಜನ ಅವರು. ನಮ್ಮಂಥವರನ್ನು ಅಂಥ ಕಡೆ ಕಲ್ಲು ಹಾಸಲು ಕರೆಯುತ್ತಿದ್ದರು. ಹಾಡಲು ಕರೆದದ್ದು ಅದೇ ಮೊದಲು.

ಕೆಮ್ಮು ನಿಲ್ಲದಾದಾಗ ಅಣ್ಣನನ್ನು ಕೋಠಿ ಪೇಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಅವನಿಗೆ ತೆಲುಗು ಬರುತ್ತಿರಲಿಲ್ಲ, ಹೊರಗೆ ಅವನ ಬಾಯಿ ಕಿವಿ ಎರಡೂ ನಾನೇ. ಡಾಕ್ಟರು ಅವನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು: ಕಲ್ಲಿನ ಪುಡಿ ಎದೆಯೊಳಗೆ ಕೂತಿದೆ. ಆ ಕೆಲಸ ನಾಳೆಯಿಂದಲೇ ಬಿಡಬೇಕು. ಏದುಸಿರು ಬರುವಂಥದ್ದು ಏನೂ ಬೇಡ. ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಫೋಟೊ ತೆಗೆಸಿ.

ಹೊರಗೆ ಆಟೋಗಳ ಗದ್ದಲದಲ್ಲಿ ಅಣ್ಣ ಕೇಳಿದ, "ಏನಂದ್ರೋ?"

"ಧೂಳಿನ ಕೆಮ್ಮಂತ. ಸಿರಪ್ ಕುಡೀಬೇಕಂತ."

"ಅಷ್ಟನ? ನಾ ಭಾಳ ಅಂಜಿದ್ದೆ ನೋಡು. ನಡಿ, ಚಾ ಕುಡಿಯೋಣು."

ಆಟಕ್ಕೆ ಹದಿನೈದೇ ದಿನ ಇದೆ, ಮುಗಿದ ಮೇಲೆ ಹೇಳಿದರಾಯಿತು, ಅವನ ಆಸೆ ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆಸೆ ನನಗೂ ಇತ್ತು. ಅವನ ಉಸಿರು ಸಣ್ಣದಾದಷ್ಟೂ ನನ್ನ ದನಿ ಜನಕ್ಕೆ ಕೇಳತೊಡಗಿತ್ತು. "ಹಿಂದ ಹಾಡಾವ ಯಾರವಾ, ಚಲೋ ಹಾಡ್ತಾನ," ಎಂದು ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ಅಂದದ್ದು ಕಿವಿಗೆ ಬಿದ್ದಿತ್ತು. ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ.

ಸಭಾಂಗಣದಲ್ಲಿ ಅಣ್ಣ ಅರ್ಧ ಸಾಲು ಹಾಡಿದ, ಅರ್ಧ ನಾನು. ಕಿರೀಟದ ಕೆಳಗೆ ಅವನ ತುಟಿ ನೀಲಿಯಾಗಿತ್ತು. ನೋಡಿದವರು ಬಣ್ಣ ಅಂದುಕೊಂಡರು. ಆಟ ಮುಗಿದಾಗ ಸಂಘದ ಹಿರಿಯರೊಬ್ಬರು ಬಂದು, "ಅಣ್ಣತಮ್ಮರದು ಒಂದ ಉಸಿರು ನೋಡ್ರಿ," ಎಂದರು. ಅಣ್ಣ ಮಾತಾಡಲಾರದೆ ನನ್ನನ್ನು ಮುಂದಕ್ಕೆ ತಳ್ಳಿ, "ಇವಂದರಿ ಎಲ್ಲಾ," ಎಂದಷ್ಟೇ ಹೇಳಿದ. ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

ಮರುದಿನ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಶಂಶಾಬಾದ್ ಕಡೆಯ ಕೆಲಸಗಾರರು ತಮ್ಮಲ್ಲೂ ಆಟ ಆಡಬೇಕೆಂದು ಕರೆದರು. ಹದಿನೈದು ದಿನ ಆರು ತಿಂಗಳಾಯಿತು. ಅಣ್ಣ ಸಿರಪ್ ಕುಡಿಯುತ್ತ ಕಲ್ಲು ಕೊಯ್ದ. ಒಂದು ದಿನ ಮಷೀನಿನ ಪಕ್ಕದಲ್ಲೇ ಕುಸಿದ. ದೊಡ್ಡಾಸ್ಪತ್ರೆಯವರು ಫೋಟೊ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ನನ್ನನ್ನೇ ಕೇಳಿದರು. ಅವರೂ ತೆಲುಗಿನಲ್ಲೇ ಕೇಳಿದ್ದು. ಅಣ್ಣ ನನ್ನ ಮುಖ ನೋಡುತ್ತಿದ್ದ.

ದೊಡ್ಡಾಸ್ಪತ್ರೆಯವರು ಕೈಚೆಲ್ಲಿ ಅವನನ್ನು ಷೆಡ್ಡಿಗೆ ಕಳಿಸಿದ್ದರು. ಅವನು ತೀರಿಕೊಳ್ಳುವ ಎರಡು ದಿನ ಮೊದಲು ಬೆಳಗಿನ ಬಿಸಿಲಿಗೆಂದು ಷೆಡ್ಡಿನ ಬಾಗಿಲಿಗೆ ಒರಗಿಸಿ ಕೂರಿಸಿದ್ದೆ. ಎದುರಿನ ಕಟ್ಟಡಕ್ಕೆ ಗಾಜು ಏರಿಸುತ್ತಿದ್ದರು. ಅಣ್ಣ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ ರಕ್ಕಸರಾಜನ ಮೊದಲ ಸಾಲು ಎತ್ತಿದ. ಒಂದೇ ಶಬ್ದ ಬಂತು. ಉಳಿದದ್ದನ್ನು ಹಿಡಿದುಕೋ ಎಂಬಂತೆ ನನ್ನ ಕಡೆ ತಿರುಗಿದ. ರೆಪ್ಪೆಯಲ್ಲಿ ಆಗಲೂ ಪುಡಿ ಇತ್ತು.

ಆ ಸಲ ನಾನು ಹಾಡನ್ನು ಎತ್ತಿಕೊಳ್ಳಲಿಲ್ಲ. ಅವನ ಕಾಲು ಹಿಡಿದೆ.

"ಯಣ್ಣಾ, ಆವತ್ತ ಕೋಠ್ಯಾಗ ಡಾಕ್ಟರು ಕಲ್ಲಿನ ಕೆಲಸ ಬಿಡಸು ಅಂದಿದ್ರು. ನಾ ನಿನಗ ಹೇಳಲಿಲ್ಲ. ನನಗ ಹಾಡಬೇಕಾಗಿತ್ತು. ತಪ್ಪಾತು ಯಣ್ಣಾ."