ಎರಡು ನಮೂನೆ ಸರಿಗೆ

ಶನಿಗ್ರಹದತ್ತ ಹೊರಟ ನೌಕೆಗೆ ಕರೆಂಟು ಎಲ್ಲಿಂದ ಎಂದು ಪುತ್ತೂರಿನ ಕಾಲೇಜಿನಲ್ಲಿ ಮೇಷ್ಟ್ರು ಕೇಳಿ, ತಾವೇ ಉತ್ತರ ಹೇಳಿದರು. ಅಷ್ಟು ದೂರಕ್ಕೆ ಸೂರ್ಯನ ಬೆಳಕು ಸಾಲದು. ಪ್ಲುಟೋನಿಯಂ ತಾನಾಗಿ ಬಿಸಿಯಾಗಿರುತ್ತದೆ. ಎರಡು ಬೇರೆ ಬೇರೆ ವಸ್ತುಗಳನ್ನು ಜೋಡಿಸಿ ಒಂದು ತುದಿಯನ್ನು ಅದಕ್ಕೆ ತಾಗಿಸಿ ಇನ್ನೊಂದನ್ನು ತಣ್ಣಗಿಟ್ಟರೆ ವಿದ್ಯುತ್ತು ಹರಿಯುತ್ತದೆ. ಆದರೆ ವಿದ್ಯುತ್ತನ್ನು ಹರಿಯಬಿಟ್ಟು ಶಾಖವನ್ನು ಮಾತ್ರ ತಡೆಯುವ ವಸ್ತು ಸುಲಭಕ್ಕೆ ಸಿಗುವುದಿಲ್ಲವಂತೆ. ಅದನ್ನು ನಾನು ಮಾಡುತ್ತೇನೆ ಎಂದು ಬೆಂಚಿನಲ್ಲಿ ಕೂತಲ್ಲೇ ತೀರ್ಮಾನಿಸಿದೆ. ಅದಕ್ಕೆ ಮೈಸೂರಿಗೆ ಹೋಗಿ ಎಂ.ಎಸ್ಸಿ. ಓದಬೇಕಿತ್ತು.

ಕರೆಂಟು ಹರಿಯುವುದನ್ನು ಕಣ್ಣೆದುರು ತೋರಿಸು, ಕಳಿಸುತ್ತೇನೆ ಎಂದರು ಅಪ್ಪ. ಬೆಟ್ಟಂಪಾಡಿಯಲ್ಲಿ ಪ್ಲುಟೋನಿಯಂ ಎಲ್ಲಿ ಸಿಗಬೇಕು? ಬಚ್ಚಲ ಒಲೆ ಇತ್ತು. ಕಬ್ಬಿಣದ ಸರಿಗೆಯ ಎರಡೂ ತುದಿಗೆ ತಾಮ್ರದ ಸರಿಗೆ ಹೊಸೆದು ಒಂದು ಗಂಟನ್ನು ಉರಿಗೆ, ಇನ್ನೊಂದನ್ನು ತಣ್ಣೀರಿನ ಚೆಂಬಿಗೆ ಇಟ್ಟೆ. ಕಾಲೇಜಿನಿಂದ ಕಾಡಿ ಬೇಡಿ ತಂದ ಗ್ಯಾಲ್ವನೋಮೀಟರಿನ ಮುಳ್ಳು ಸರಿಯಿತು. ಬಚ್ಚಲಲ್ಲೇ ಕುಣಿದೆ.

ಆ ಸಂಜೆ ಸೋದರಮಾವ ನನಗೆಂದು ಒಬ್ಬ ಹುಡುಗನ ಜಾತಕ ಹಿಡಿದುಕೊಂಡು ಬಂದರು. ಮರುದಿನ ಅಪ್ಪ ಮಣೆ ಹಾಕಿ ಬಚ್ಚಲಲ್ಲಿ ಕೂತರು. ಉರಿ ಎಷ್ಟು ಹಾಕಿದರೂ ಮುಳ್ಳು ಅಲುಗಲಿಲ್ಲ.

ಮಾವ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದರು, "ಆ ತುಕ್ಕು ಹಿಡಿದ ಸರಿಗೆ ನಾನೇ ತೆಗ್ದೆ ಮಗಾ. ಎರಡೂ ತಾಮ್ರವೇ ಹಾಕಿದ್ದೇನೆ. ಜೋಡಿ ಅಂದ ಮೇಲೆ ಒಂದೇ ನಮೂನೆ ಬೇಡ್ವಾ?"

ನನ್ನ ಮೈಯೆಲ್ಲ ಉರಿಯಿತು. ಬೇರೆ ಬೇರೆ ಇದ್ದರೆ ಮಾತ್ರ ಹರಿಯುವುದೆಂದು ಕಿರುಚಿದೆ. ಹೆಣ್ಣಿಗೆ ಇಷ್ಟು ಗಂಟಲು ಯಾಕೆಂದು ಅಪ್ಪ ಎದ್ದು ಹೋದರು. ಮಧ್ಯಾಹ್ನದೊಳಗೆ ಕಬ್ಬಿಣವನ್ನು ಮತ್ತೆ ಜೋಡಿಸಿ, ಮುಳ್ಳು ಸರಿದದ್ದನ್ನು ಕಂಡು ಜಗಲಿಗೆ ಓಡಿಹೋಗಿ ಅಪ್ಪನನ್ನು ಕರೆದೆ.

"ನೋಡಿ ಆಯ್ತಲ್ಲ," ಎಂದರು. ಕೂತಲ್ಲಿಂದ ಏಳಲಿಲ್ಲ.

ಮಾವನ ಮೇಲಿನ ಸಿಟ್ಟು ಯಾವಾಗಲೋ ಇಳಿದಿದೆ, ತಾವು ಮಾಡಿದ್ದು ಏನೆಂದು ಅವರಿಗೆ ತಿಳಿಯದು. ಜಗಲಿಯಿಂದ ಬಚ್ಚಲಿಗೆ ಬಾರದ ಅಪ್ಪನ ಮೇಲಿನದು ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ. ಅವರಿಗೆ ಬೇಕಾಗಿದ್ದದ್ದೇ ಒಂದು ನೆಪ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಜಾತಕ ಕೂಡಿತು. ಮದುವೆಯಾಗಿ ಆಲಂಕಾರಿಗೆ ಬಂದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ನೌಕೆ ಶನಿಯನ್ನು ದಾಟಿ ನೆಪ್ಚೂನ್ ತಲುಪಿತೆಂದು ಪತ್ರಿಕೆಯಲ್ಲಿ ಓದಿದೆ. ಆ ದಿನ ಊಟಕ್ಕೆ ಬಂದಿದ್ದ ಸೋದರಮಾವ, ನಮ್ಮ ಮನೆಯಲ್ಲಿ ಒಂದು ದಿನವೂ ಜಗಳ ಕೇಳಿಲ್ಲ, ಎಂಥ ಜೋಡಿ ಎಂದು ನನ್ನ ಗಂಡನೆದುರೇ ಹೊಗಳಿದರು. ಜಗಳಕ್ಕೆ ಮಾತಾದರೂ ಬೇಕಲ್ಲ.

"ಹೌದು ಮಾವ," ಎಂದೆ, "ಎರಡೂ ತಾಮ್ರವೇ ಹಾಕಿದ್ದೀರಿ."

ಅವರು ನಗುತ್ತ ಇನ್ನಷ್ಟು ಸಾರು ಹಾಕಿಸಿಕೊಂಡರು.