ಕೈ ಅವರದು, ಗುಣ ಇವರದು

ಬೆಳಗಿನ ಆರು ಗಂಟೆ. ಹಿಂದಿನ ಓಣಿಯಲ್ಲಿ ಇನ್ನೂ ಒಂದು ಗಾಡಿಯೂ ಸ್ಟಾರ್ಟ್ ಆಗಿಲ್ಲ. ಅಂಗಡಿಯ ಒಳಕೋಣೆಯ ಕಿಟಕಿ ಪೂರ್ವಕ್ಕಿದೆ. ಎಳೆ ಬಿಸಿಲು ಅಡ್ಡಲಾಗಿ ಬಂದು ಉದ್ದನೆಯ ಮರದ ಮೇಜಿನ ಮೇಲೆ ಬಿದ್ದಿದೆ. ಮೇಜಿನ ಮೇಲೊಂದು ಕಂಪ್ಯೂಟರಿನ ಮದರ್‌ಬೋರ್ಡ್, ಅದರ ಮುಂದೆ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿರುವ ಒಬ್ಬ ನರ್ಸ್. ಪಕ್ಕದ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಅವರ ಕೆಲಸವೆಲ್ಲ ನಡೆಯುವುದು ಬಾಯಲ್ಲಿ.

"ಮೊದ್ಲು ಆ ಕಬ್ಬಿಣದ ಕಪಾಟು ಮುಟ್ಟಿ. ಮೈಯಲ್ಲಿರೋ ಕರೆಂಟು ಅದಕ್ಕೆ ಹೋಗ್ಲಿ. ಹಾಂ, ಈಗ ಪ್ರೊಸೆಸರ್ ಎತ್ಕೊಳ್ಳಿ, ಅಂಚು ಮಾತ್ರ ಹಿಡೀಬೇಕು. ಮೂಲೇಲಿ ಒಂದು ಪುಟ್ಟ ತ್ರಿಕೋನ ಕಾಣ್ತಿದೆಯಾ? ಅದರ ಜೋಡಿ ಬೋರ್ಡಿನ ಮೇಲೂ ಇದೆ. ಎರಡನ್ನೂ ಒಂದೇ ಕಡೆ ಮಾಡಿ ಸುಮ್ನೆ ಇಟ್ಬಿಡಿ. ಒತ್ತಬೇಡಿ. ಅದಕ್ಕೆ ಅದರ ಜಾಗ ಗೊತ್ತು."

ನರ್ಸ್ ಉಸಿರು ಬಿಗಿಹಿಡಿದು ಇಡುತ್ತಾರೆ. ಸದ್ದಿಲ್ಲದೆ ಕೂರುತ್ತದೆ. ಇಂಜೆಕ್ಷನ್ ಕೊಡುವಾಗಲೂ ಇಷ್ಟು ಹೆದರಿರಲಿಲ್ಲ ಎಂದು ಅವರು ಬೆವರು ಒರೆಸಿಕೊಂಡರೆ, ಅಲ್ಲಿ ಚುಚ್ಚುವುದು ಬೇರೆಯವರ ಮೈಗೆ, ಇಲ್ಲಿ ನಿಮ್ಮ ಜೇಬಿಗೆ, ಅದಕ್ಕೇ ಹೆದರಿಕೆ ಎಂದು ಸ್ಟೂಲಿನಿಂದ ಉತ್ತರ ಬರುತ್ತದೆ.

ಬೀದಿಯ ಜನ ಇವರನ್ನು ಕರೆಯುವುದು 'ಹಿಂದಿನಕ್ಕ' ಎಂದು. ಅಂಗಡಿಯ ಮುಂಭಾಗದಲ್ಲಿ ಕಂಪನಿಯ ರೆಡಿಮೇಡ್ ಕಂಪ್ಯೂಟರ್ ಮಾರುವ ಯಜಮಾನರು 'ಮುಂದಿನಣ್ಣ'. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡಿರನ್ನು ಅಕ್ಕ-ಅಣ್ಣ ಮಾಡಿ ಕೂರಿಸಿದ ಬೀದಿ ಲೋಕದಲ್ಲಿ ಇದೊಂದೇ ಇರಬೇಕು. ಒಂದೇ ಸೂರು, ಎರಡು ವ್ಯಾಪಾರ, ನಡುವೆ ಒಂದು ಅರ್ಧ ಬಾಗಿಲು. ಮುಂದೆ ಸಿಗುವುದು ಸೀಲು ಒಡೆಯದ ಡಬ್ಬ; ಮನೆಗೆ ಒಯ್ದು ವೈರು ಚುಚ್ಚಿ ಕೂತರಾಯಿತು. ಹಿಂದೆ ಸಿಗುವುದು ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಜೋಡಿಸಿ, ಮೈಯಳತೆ ತೆಗೆದು ಹೊಲಿಸಿದಂಥ ಯಂತ್ರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ ಎಂದು ನೋಡಿದವರು ನಗುತ್ತಾರೆ. ಆದರೂ ಬಂಡಿ ಇಷ್ಟು ವರ್ಷ ಉರುಳಿಕೊಂಡು ಬಂದಿದೆ.

ಅದಕ್ಕೆ ಕಾರಣ ಇಬ್ಬರೂ ಪಾಲಿಸುವ ಒಂದು ಪದ್ಧತಿ. ಗಿರಾಕಿ ಎಲ್ಲಿಗೇ ಬರಲಿ, ಮೊದಲು ಕೇಳುವುದು 'ಇದರ ಮುಂದೆ ಕೂರೋರು ಯಾರು' ಎಂದು. ಮಗಳ ಜೊತೆ ವಾರಕ್ಕೊಮ್ಮೆ ಮುಖ ನೋಡಿ ಮಾತಾಡಲು ಕಂಪ್ಯೂಟರ್ ಬೇಕೆಂದು ಹಿಂದೆ ಬಂದವರನ್ನು ಅಕ್ಕ ಮುಲಾಜಿಲ್ಲದೆ ಮುಂದೆ ಕಳಿಸುತ್ತಾರೆ. ದಿನವಿಡೀ ಮದುವೆ ವಿಡಿಯೋ ಕತ್ತರಿಸಿ ಅಂಟಿಸುವವನು ಮುಂದೆ ಬಂದರೆ, ಈ ಡಬ್ಬ ನಿಮ್ಮ ಕೆಲಸಕ್ಕೆ ಏದುಸಿರು ಬಿಡುತ್ತದೆ, ಒಳಗೆ ಹೋಗಿ ಎಂದು ಅಣ್ಣ ಅರ್ಧ ಬಾಗಿಲು ತೆರೆಯುತ್ತಾರೆ. ಹೀಗೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ದಾಟಿಸಿ ಇಬ್ಬರೂ ಒಂದೇ ಒಲೆಯಲ್ಲಿ ಉಂಡಿದ್ದಾರೆ.

ಕಟ್ಟಿಸುವುದು ಮೇಲೋ ಕೊಳ್ಳುವುದು ಮೇಲೋ ಎಂದು ಕೇಳಿದರೆ ಅಕ್ಕ ಯಾವ ಪಕ್ಷವನ್ನೂ ವಹಿಸುವುದಿಲ್ಲ. "ರೆಡಿಮೇಡ್ ಅಂದ್ರೆ ಕಳಪೆ ಅಂತಲ್ಲ. ಕೆಟ್ಟಾಗ ಒಬ್ಬರನ್ನೇ ಬೈಬಹುದು, ಅದು ದೊಡ್ಡ ಅನುಕೂಲ. ಕಟ್ಟಿಸಿದ್ದು ಕೆಟ್ರೆ ಕೆಟ್ಟ ಭಾಗ ಹುಡುಕಿ ಅದೊಂದನ್ನೇ ಬದಲಾಯಿಸಬಹುದು. ಮುಂದೆ ಕೆಲಸ ಹೆಚ್ಚಾದ್ರೆ ಇದನ್ನೂ ಬೆಳೆಸಬಹುದು. ಸೊಸೆ ನೋಡೋ ಹಾಗೆ ಕೊಂಕು ಹುಡುಕ್ತಾ ಕೂತ್ರೆ ಮಾತ್ರ ಎರಡೂ ಒಪ್ಪಿಗೆ ಆಗಲ್ಲ" ಎನ್ನುತ್ತಾರೆ.

ಅವರ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವರು. ತುಟಿಯ ನಡುವೆ ಸ್ಕ್ರೂ ಕಚ್ಚಿಕೊಂಡು ಮಾತಾಡುವುದನ್ನು ಮಗಳು ಕಲಿತದ್ದು ಅಲ್ಲೇ. ಒಂದು ದಿನ ಕಂಪ್ಯೂಟರ್ ಕಂಪನಿಯ ಸೇಲ್ಸ್‌ಮನ್ ಒಬ್ಬರು ಹೆಗಲ ಮೇಲೆ ಡಬ್ಬ ಹೊತ್ತು ಅಂಗಡಿಗೆ ಬಂದರು. ಒಳಗೇನಿದೆ ನೋಡಬೇಕು ಎಂದಳು ಹುಡುಗಿ. ಸೀಲು ಒಡೆದರೆ ವಾರಂಟಿ ಹೋಗುತ್ತದೆ ಎಂದರು ಸೇಲ್ಸ್‌ಮನ್. ಅವರು ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಚ್ಚಳ ಬಿಚ್ಚಿಯಾಗಿತ್ತು. ಆ ಯಂತ್ರ ಮಾರಾಟವಾಗಲಿಲ್ಲ, ಸೇಲ್ಸ್‌ಮನ್‌ಗೆ ಕಂಪನಿಯಿಂದ ಬೈಗುಳ ಸಿಕ್ಕಿತು, ಮರುವರ್ಷ ಮದುವೆಯೂ ಆಯಿತು. ವಾರಂಟಿ ಹೋದ ಮೇಲೆ ವಾಪಸು ಕೊಡೋ ಹಾಗಿರಲಿಲ್ಲ ಎಂದು ಮುಂದಿನಣ್ಣ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಶುರುವಿನ ವರ್ಷಗಳು ಸಲೀಸಾಗಿರಲಿಲ್ಲ. ಒಳಗೆ ಬಂದ ಗಿರಾಕಿಗಳು ಅಕ್ಕನನ್ನು ನೋಡಿ, ಜೋಡಿಸೋರು ಎಲ್ಲಿದ್ದಾರೆ ಕರೀರಿ ಎನ್ನುತ್ತಿದ್ದರು. ಅಕ್ಕ ಒಳಗೆ ಹೋಗಿ, ಕೈ ತೊಳೆದುಕೊಂಡು ಮತ್ತೆ ತಾವೇ ಬಂದು ನಿಲ್ಲುತ್ತಿದ್ದರು. ಕ್ರಮೇಣ ಜನ ಕರೆಯುವುದನ್ನು ನಿಲ್ಲಿಸಿದರು, ಹೊಗಳುವುದನ್ನು ಕಲಿತರು. ವೈದ್ಯರಿಗೆ, ಸಸಿ ನೆಡುವವರಿಗೆ, ಅಡುಗೆಯವರಿಗೆ ಹೇಳುವ ಮಾತನ್ನು ಇವರಿಗೂ ಹೇಳತೊಡಗಿದರು. ಹಿಂದಿನಕ್ಕನ ಕೈಗುಣ ಅಂಥದ್ದು, ಅವರು ಕಟ್ಟಿದ್ದು ಹತ್ತು ವರ್ಷ ತಿರುಗಿ ನೋಡುವ ಹಾಗಿಲ್ಲ ಎಂಬ ಹೆಸರು ಬಂತು.

ಆ ಕೈ ನಡುಗಲು ಶುರುವಾದದ್ದು ಮೂರು ವರ್ಷದ ಹಿಂದೆ. ಸುಮ್ಮನಿಟ್ಟರೆ ಸುಮ್ಮನಿರುತ್ತದೆ, ಕೆಲಸ ಹೇಳಿದರೆ ನಡುಗುತ್ತದೆ. ಮೈಗಳ್ಳ ಆಳಿನ ಹಾಗೆ ಎಂದು ಅಕ್ಕ ಮೊದಮೊದಲು ತಮಾಷೆ ಮಾಡುತ್ತಿದ್ದರು. ಇದರಿಂದ ಜೀವಕ್ಕೇನೂ ಅಪಾಯವಿಲ್ಲ, ಮಾತ್ರೆಯಿಂದ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಒಂದು ಬೆಳಿಗ್ಗೆ ಪ್ರೊಸೆಸರ್ ಇಳಿಸುವಾಗ ಬೆರಳು ಜಾರಿ ಅದು ಬೋರ್ಡಿನ ಮೇಲೆ ಓರೆಯಾಗಿ ಬಿತ್ತು. ಕೂದಲಿನಷ್ಟು ತೆಳುವಾದ ನೂರಾರು ಪಿನ್ನುಗಳ ಸಾಲಿನಲ್ಲಿ ಒಂದು ಮೂಲೆಯೇ ಮಲಗಿಹೋಯಿತು. ಅಡ್ಡ ಬಿಸಿಲಿಗೆ ಬಗ್ಗಿದ ಪಿನ್ನು ಬೇರೆಯೇ ಹೊಳೆಯುತ್ತದೆ, ಅದಕ್ಕಾಗಿಯೇ ಅವರು ಈ ಕೆಲಸವನ್ನು ಬೆಳಿಗ್ಗೆ ಇಟ್ಟುಕೊಳ್ಳುವುದು. ಅವತ್ತು ಆ ಹೊಳಪು ನೋಡುತ್ತ ಅವರು ಬೋರ್ಡನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟರು. ಅರ್ಧ ಬಾಗಿಲಿನಾಚೆ ಯಜಮಾನರು ನಿಂತಿದ್ದು ಅವರಿಗೆ ಗೊತ್ತಿರಲಿಲ್ಲ.

ಅಂದಿನಿಂದ ಮುಂದಿನಣ್ಣ ಹೆಂಡತಿಗೆ ಕಾಫಿಯನ್ನು ಅರ್ಧ ಲೋಟವೇ ಕೊಡತೊಡಗಿದರು, ತುಳುಕಬಾರದೆಂದು. ಅದು ಮುಗಿದ ಮೇಲೆ ಇನ್ನರ್ಧ. ಅದನ್ನು ಅಕ್ಕ ಗಮನಿಸಿದರು. ಇನ್ನೊಂದರ ಕಾರಣ ಮಾತ್ರ ಅವರಿಗೆ ತಿಳಿಯಲಿಲ್ಲ. ಒಳಗೆ ಬರುವ ಗಿರಾಕಿಗಳು ನಿಧಾನವಾಗಿ ಕಡಿಮೆಯಾದರು, ಆಮೇಲೆ ನಿಂತೇಹೋದರು. ಕಾಲ ಬದಲಾಯಿತು, ಕಟ್ಟಿಸುವ ತಾಳ್ಮೆ ಯಾರಿಗಿದೆ ಎಂದುಕೊಂಡು ಅಕ್ಕ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ ಸುಮಾರು ಒಂದು ವರ್ಷ ಕೂತರು.

ಗುಟ್ಟು ರಟ್ಟಾದದ್ದು ಒಬ್ಬ ದರ್ಜಿಯಿಂದ. ಆ ಹೆಂಗಸು ಎರಡು ಬೀದಿ ಆಚೆ ಕಸೂತಿ ಯಂತ್ರ ಇಟ್ಟುಕೊಂಡಿದ್ದಾರೆ. ಬಟ್ಟೆಯ ಮೇಲೆ ಬರುವ ಹೂಬಳ್ಳಿಯನ್ನು ಮೊದಲು ಕಂಪ್ಯೂಟರಿನಲ್ಲಿ ಬಿಡಿಸಬೇಕು. ಒಂದು ಮುಂಜಾನೆ ಓಣಿಯ ಕಡೆಯಿಂದ ಬಂದು ಬಾಗಿಲು ತಟ್ಟಿದರು. ಮೊನ್ನೆ ಮುಂದೆ ಬಂದು ಕೇಳಿದ್ದರಂತೆ, ಅಕ್ಕ ಕಟ್ಟುವುದನ್ನು ಬಿಟ್ಟು ವರ್ಷವಾಯಿತು ಎಂದು ಮುಂದಿನಣ್ಣ ಹೇಳಿ ಕಳಿಸಿದರಂತೆ. ಹೌದಾ ಅಂತ ನಿಮ್ಮನ್ನೇ ಕೇಳಿ ಹೋಗೋಣ ಅಂತ ಬಂದೆ ಎಂದರು ಪಾಪ.

ಅಕ್ಕ ಅರ್ಧ ಬಾಗಿಲು ತಳ್ಳಿಕೊಂಡು ಮುಂದೆ ಹೋದರು. ಯಜಮಾನರು ಷಟರ್ ಎತ್ತುತ್ತಿದ್ದವರು ಅಲ್ಲೇ ನಿಂತರು. ಸುಳ್ಳು ಹೇಳಲು ಬರದ ಮನುಷ್ಯ; ತಲೆ ತಗ್ಗಿಸಿದರು. "ಅವಳು ಆ ಬೋರ್ಡ್ ಹಿಡ್ಕೊಂಡು ಅಳ್ತಿದ್ದದ್ದು ನೋಡಿದ್ದೆ. ಇನ್ನೊಂದು ಸಲ ನೋಡೋಕೆ ನನ್ನಿಂದ ಆಗ್ತಿರಲಿಲ್ಲ" ಎಂದು ಅವರು ಈಗ ಹೇಳುತ್ತಾರೆ. ಅಕ್ಕನ ಲೆಕ್ಕವೇ ಬೇರೆ. "ಕೈ ನಡುಗಿದ್ದಕ್ಕೆ ಅಷ್ಟು ನೋವಾಗ್ಲಿಲ್ಲ. ಜನಕ್ಕೆ ನಾನು ಬೇಡವಾದೆ ಅಂದ್ಕೊಂಡು ಅಷ್ಟು ದಿನ ಕೂತಿದ್ನಲ್ಲ, ಅದು ನೋವು. ಮುಚ್ಚಿಡೋ ಬದಲು ನನ್ನನ್ನೊಂದು ಮಾತು ಕೇಳಬಹುದಿತ್ತು."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳ ಉಂಡಿತು, ಮಲಗಿತು, ಬೆಳಿಗ್ಗೆ ಮತ್ತೆ ಎದ್ದು ಕೂತಿತು. ಅಕ್ಕ ಮಾತು ಬಿಟ್ಟರು. ಅರ್ಧ ಲೋಟದ ಕಾಫಿ ಬಂತು, ಮುಗಿದ ಲೋಟ ಹೋಯಿತು, ನಡುವೆ ಒಂದಕ್ಷರ ಇಲ್ಲ.

ದರ್ಜಿಗೆ ಅಕ್ಕ ನಿಜ ಹೇಳಿದ್ದರು: ನನ್ನ ಕೈ ನಂಬಿ ನಿಮ್ಮ ಯಂತ್ರ ಹಾಳುಮಾಡಲಾರೆ, ಮುಂದಿನ ಅಂಗಡಿಯದನ್ನೇ ತಗೊಳ್ಳಿ ಎಂದು. ಅವರು ಹೋಗಲಿಲ್ಲ. ದಿನಕ್ಕೆಷ್ಟು ಸಲ ಸೂಜಿಗೆ ದಾರ ಪೋಣಿಸುತ್ತೇನೋ ಲೆಕ್ಕವಿಲ್ಲ, ನನ್ನ ಕೈ ನಡುಗುವುದಿಲ್ಲ, ನೀವು ಹೇಳಿ ನಾನು ಇಡುತ್ತೇನೆ ಎಂದು ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಬೇಕಾದ ಭಾಗಗಳನ್ನು ತರಿಸಿ ಎರಡು ಬೆಳಗಿನಲ್ಲಿ ಮುಗಿಸಿದರು. ಪ್ರೊಸೆಸರ್ ಕೂತಿತು, ಅದರ ನೆತ್ತಿಗೆ ಬಿಸಿ ಹೀರುವ ಪೇಸ್ಟ್ ಬಟಾಣಿ ಕಾಳಿನಷ್ಟು ಬಿತ್ತು, ರ‍್ಯಾಮ್ ಟಕ್ಕೆಂದು ಕಚ್ಚಿಕೊಂಡಿತು. ಕೊನೆಗೆ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿ ಒಂದೇ ಒಂದು ಬೀಪ್ ಬಂತು, ಎಲ್ಲ ಸರಿಯಿದೆ ಎನ್ನುವ ಬೀಪ್. ದರ್ಜಿ ಮಗುವಿನ ಹಾಗೆ ಕೈ ತಟ್ಟಿದರು. ಅಕ್ಕನಿಗೆ ಅಳು ಬಂತು. ಈ ಸಲ ಅತ್ತದ್ದು ಬೇರೆ ಕಾರಣಕ್ಕೆ.

ಆ ಮಧ್ಯಾಹ್ನ ಅರ್ಧ ಬಾಗಿಲು ತೆರೆಯಿತು. ಯಜಮಾನರು ಒಬ್ಬ ಗಿರಾಕಿಯ ತೋಳು ಹಿಡಿದುಕೊಂಡು ನಿಂತಿದ್ದರು. "ಇವರಿಗೆ ಒಳಗಡೇದೇ ಆಗಬೇಕು. ಇದರ ಮುಂದೆ ಕೂರೋರು ಇವರೇ. ನೀನೇ ಮಾತಾಡು" ಎಂದರು. ಕೂತ್ಕೊಳ್ಳಿ ಎಂದರು ಅಕ್ಕ. ಹೇಳಿದ್ದು ಗಿರಾಕಿಗೋ ಗಂಡನಿಗೋ ತಿಳಿಯದೆ ಇಬ್ಬರೂ ಕೂತರು. ಜಗಳ ಅಲ್ಲಿಗೆ ಮುಗಿಯಿತು.

ಈಗ ವಾರಕ್ಕೆ ಮೂರೋ ನಾಲ್ಕೋ ಯಂತ್ರ ಈ ಮೇಜಿನಿಂದ ಎದ್ದುಹೋಗುತ್ತವೆ, ಎಲ್ಲವೂ ಅವುಗಳ ಮುಂದೆ ಕೂರುವವರೇ ಕಟ್ಟಿದ್ದು. ದುಡ್ಡೂ ಕೊಟ್ಟು ಕೆಲಸವೂ ನಾನೇ ಮಾಡಬೇಕಾ ಎಂದು ಮುಖ ಸಿಂಡರಿಸುವವರಿಗೆ ಮುಂದಿನ ಅಂಗಡಿ ಇದ್ದೇ ಇದೆ. ಕಳೆದ ತಿಂಗಳು ಲೆಕ್ಕದ ಮೇಷ್ಟರೊಬ್ಬರು ಅವಸರಕ್ಕೆ ಒತ್ತಿ ಪಿನ್ನು ಬಗ್ಗಿಸಿ ಬಿಳಿಚಿಕೊಂಡರು. ಬಿಡಿ, ನಾನೂ ಬಗ್ಗಿಸಿದ್ದೀನಿ ಎಂದು ಅಕ್ಕ ಅವರ ಕೈಗೆ ಸೂಜಿ ಕೊಟ್ಟು, ಒಂದೊಂದನ್ನೇ ಎಬ್ಬಿಸುವುದನ್ನು ಅರ್ಧ ದಿನ ಕೂತು ಹೇಳಿಕೊಟ್ಟರು. ಬೋರ್ಡು ಉಳಿಯಿತು. ಹೀಗೆ ಕಟ್ಟಿದವರು ಮನೆಯಲ್ಲಿ ಏನಾದರೂ ಕೆಟ್ಟರೆ ಹೆದರುವುದಿಲ್ಲ, ಮುಚ್ಚಳ ತೆಗೆದು ಫೋನ್ ಮಾಡುತ್ತಾರೆ. ಮೊದಲಿನ ಗಿರಾಕಿಗಳು ಮುಚ್ಚಳವನ್ನೇ ಮುಟ್ಟುತ್ತಿರಲಿಲ್ಲ. ಕೈಗುಣದ ಮಾತು ತೆಗೆದರೆ ಅಕ್ಕ ತುಸು ನಾಚುತ್ತಾರೆ. "ಮೊದ್ಲು ಎರಡೂ ನಂದೇ ಇತ್ತು. ಈಗ ಪಾಲಾಗಿದೆ. ಕೈ ಅವರದ್ದು, ಗುಣ ನಂದು" ಎನ್ನುತ್ತಾರೆ.

ನರ್ಸ್ ತಮ್ಮ ಯಂತ್ರವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದಾರೆ. ಓಣಿಯಲ್ಲಿ ಗಾಡಿಗಳ ಸದ್ದು ಶುರುವಾಗಿದೆ. ಇನ್ನೇನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಅಕ್ಕ ಬಹಳ ಯೋಚಿಸುವುದಿಲ್ಲ. ಅಂಗಡಿಯಲ್ಲಿ ಬಿಲ್ಲು ಮಾಡುವ ಕಂಪ್ಯೂಟರ್ ಮುದಿಯಾಗಿದೆಯಂತೆ. ಹೊಸದರ ಭಾಗಗಳನ್ನೆಲ್ಲ ತರಿಸಿ ಇಟ್ಟು ತಿಂಗಳಾಯಿತಂತೆ. "ಅದನ್ನ ಇವರ ಕೈಲಿ ಕಟ್ಟಿಸ್ಬೇಕು. ಇಷ್ಟು ವರ್ಷ ಡಬ್ಬ ಮಾರಿದ್ರು, ಒಂದರ ಒಳಗೂ ಕೈ ಹಾಕಿಲ್ಲ. ಕರೆದ್ರೆ ನಾಳೆ ನಾಳೆ ಅಂತಾರೆ."

ಅರ್ಧ ಬಾಗಿಲಿನಾಚೆ ಎಲ್ಲವೂ ಕೇಳಿಸುತ್ತದೆ. ಯಜಮಾನರು ಒಳಗೆ ಬರುತ್ತಾರೆ. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, ಹೆಂಡತಿಯ ಮುಖ ನೋಡದೆ ಮೇಜಿನ ಮುಂದೆ ಕೂರುತ್ತಾರೆ. ಅಕ್ಕ ಹೇಳಿದಂತೆ ಪ್ರೊಸೆಸರಿನ ಪುಟ್ಟ ಪೆಟ್ಟಿಗೆ ಬಿಚ್ಚುತ್ತಾರೆ, ಅಂಚು ಹಿಡಿದು ಎತ್ತುತ್ತಾರೆ. ಬೋರ್ಡಿನ ಮೇಲೆ ತಂದು, ಗೇಣು ದೂರದಲ್ಲೇ ನಿಲ್ಲಿಸಿಬಿಡುತ್ತಾರೆ.

"ನೋಡೇ, ನನ್ನ ಕೈ ನಡುಗ್ತಿದೆ" ಎನ್ನುತ್ತಾರೆ ಮೆಲ್ಲಗೆ.

"ನಡುಗ್ಲಿ ಬಿಡಿ" ಎನ್ನುತ್ತಾರೆ ಅಕ್ಕ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು. "ನಾನಿದ್ದೀನಲ್ಲ."